ಲೊಕೇಶನ್ ಕೇಳ್ಬೇಡಿ, ಪ್ಲಾನ್ ಕೇಳಿ

1/9

ಈ ಫೋಟೋದಲ್ಲಿರೋ ಅಬ್ಬಿ ಎಲ್ಲಿದೆ ಅಂತ ನಾನು ಹೇಳಲ್ಲ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಒಂಬತ್ತು ಪೋಸ್ಟ್ ಓದಿ "ಕೊನೆಗೂ ಹೇಳಲೇ ಇಲ್ವಲ್ಲ" ಅಂತ ಬೈಕೋಬೇಡಿ.

ವಿಷಯ ಏನಂದ್ರೆ, ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪ್ ಒಂದಿದೆ. ಹೆಸರು "ಫಾಲ್ಸ್ ಪ್ಲಾನ್, ಈ ಸಲ ಪಕ್ಕಾ". 23 ಜನ. ಆಗಸ್ಟ್ ತಿಂಗಳ ಲಾಂಗ್ ವೀಕೆಂಡ್‌ಗೆ ಹೊರಡೋದು ಅಂತ ಮಾತಾಗಿದೆ. ನನ್ನನ್ನ ಗ್ರೂಪಿಗೆ ಸೇರಿಸಿದ ದಿನವೇ ಬಂದ ಮೊದಲ ಮೆಸೇಜು: "ನೀನು ಮಲೆನಾಡಿನವಳಲ್ವಾ? ಯಾರಿಗೂ ಗೊತ್ತಿಲ್ಲದ ಒಂದು ಫಾಲ್ಸ್ ಹೇಳು. ರೋಡ್ ಇರಬಾರದು, ಜನ ಇರಬಾರದು, ಟಿಕೆಟ್ ಇರಬಾರದು."

ನಾನು ಆಗಲ್ಲ ಅಂದೆ. "ಬಿಲ್ಡಪ್ ಕೊಡ್ಬೇಡ", "ಫಾಲ್ಸ್ ಏನು ನಿಮ್ಮಪ್ಪಂದಾ" ಅಂತೆಲ್ಲ ಬಂತು. ನಗೋ ಎಮೋಜಿ ಹಾಕಿ ಸುಮ್ಮನಾಗಬಹುದಿತ್ತು. ಆದ್ರೆ ಈ ವಿಷಯದಲ್ಲಿ ಸುಮ್ಮನಿರೋಕೆ ನನಗೆ ಆಗ್ತಿಲ್ಲ. ಯಾಕೆ ಅಂತ ಮೂರನೇ ಪೋಸ್ಟಿನಲ್ಲಿ ಹೇಳ್ತೀನಿ. ಅಲ್ಲಿ ತಪ್ಪು ನಂದೇ.

2/9

ಮೊದಲು "ಯಾರಿಗೂ ಗೊತ್ತಿಲ್ಲದ" ಅನ್ನೋ ಮಾತನ್ನ ಹಿಡ್ಕೊಳ್ಳೋಣ.

ಯಾರಿಗೆ ಗೊತ್ತಿಲ್ಲ? ನಿಮಗೆ ಗೊತ್ತಿಲ್ಲ, ಅಷ್ಟೇ. ನಮ್ಮ ಕಡೆ ಬೀಳೋ ನೀರಿಗೆ ಅಬ್ಬಿ ಅಂತಾರೆ. ಆಗುಂಬೆ ಹತ್ತಿರದ ಒನಕೆ ಅಬ್ಬಿ ಹೆಸರಲ್ಲಿ ಇರೋದು ಅದೇ. ಮಡಿಕೇರಿಯದ್ದನ್ನ "ಅಬ್ಬಿ ಫಾಲ್ಸ್" ಅಂತೀರಲ್ಲ, ಅದು "ಫಾಲ್ಸ್ ಫಾಲ್ಸ್" ಅಂದ ಹಾಗೆ. ತುಳುವಿನಲ್ಲಿ ಅರ್ಬಿ ಅಂತಾರೆ, ಚಾರ್ಮಾಡಿ ಕಡೆಯ ಬಂಡಾಜೆ ಅರ್ಬಿ ಇದೆಯಲ್ಲ, ಹಾಗೆ. ಹೆಸರಿದೆ ಅಂದ್ರೆ ಹೆಸರಿಟ್ಟವರು ಇದ್ದಾರೆ ಅಂತ ಅರ್ಥ.

ಈ ಫೋಟೋದಲ್ಲಿ ಕಲ್ಲಿನ ಸಂದಿಯಿಂದ ಒಂದು ಕಪ್ಪು ಪೈಪ್ ಬರ್ತಿದೆ ನೋಡಿ. ಅದು ಕಸ ಅಲ್ಲ. ಅಬ್ಬಿಯ ಮೇಲ್ಗಡೆಯಿಂದ ಆ ಪೈಪಿನಲ್ಲಿ ನೀರು ಇಳಿದು ಕೆಳಗಿನ ನಾಲ್ಕು ಮನೆಗೆ ಹೋಗುತ್ತೆ. ಮೋಟಾರಿಲ್ಲ, ಕರೆಂಟ್ ಬಿಲ್ಲಿಲ್ಲ. ಮೊದಲು ಅಡಿಕೆ ಮರದ ದಂಬೆಯಲ್ಲಿ ಬರ್ತಿತ್ತಂತೆ, ಈಗ ಪೈಪ್. ಅದರಲ್ಲಿ ಅಜ್ಜಿ ಅಡುಗೆ ಮಾಡ್ತಾರೆ, ದನ ಕುಡಿಯುತ್ತೆ, ಉಳಿದದ್ದು ತೋಟಕ್ಕೆ. ನೀವು "ಹಿಡನ್ ಜೆಮ್" ಅನ್ನೋ ಜಾಗ ನಾಲ್ಕು ಮನೆಯವರ ಕೊಡಪಾನ.

3/9

ಈಗ ನನ್ನ ತಪ್ಪು.

ಮೂರು ವರ್ಷದ ಹಿಂದೆ, ಸೆಕೆಂಡ್ ಪಿಯುಸಿಯಲ್ಲಿದ್ದಾಗ, ಇದೇ ಅಬ್ಬಿಯ ರೀಲ್ ಮಾಡಿ ಹಾಕಿದ್ದೆ. ಹದಿನೈದು ಸೆಕೆಂಡಿನ ವಿಡಿಯೋ, ಒಳ್ಳೇ ಹಾಡು, ಮೇಲೆ ಲೊಕೇಶನ್ ಟ್ಯಾಗ್. ಅಲ್ಲಿವರೆಗೂ ನನ್ನ ಪೋಸ್ಟಿಗೆ ನಲವತ್ತು ಲೈಕ್ ಬಂದ್ರೆ ಹಬ್ಬ. ಅದಕ್ಕೆ ವಾರದಲ್ಲಿ ಲಕ್ಷ ದಾಟಿತು. ನನಗೆ ನೆಲದ ಮೇಲೆ ಕಾಲೇ ಇರ್ಲಿಲ್ಲ.

ಮೊದಲ ಭಾನುವಾರ ಆರು ಬೈಕ್ ಬಂತು. ದೊಡ್ಡಪ್ಪ ದಾರಿ ತೋರಿಸಿ, ಮಜ್ಜಿಗೆ ಕೊಟ್ಟು ಕಳಿಸಿದ್ರು. ಎರಡನೇ ಭಾನುವಾರ ಇಪ್ಪತ್ತಾಯ್ತು. ಆಮೇಲೆ ಲೆಕ್ಕ ಬಿಟ್ಟೆವು. ತೋಟದ ಬೇಲಿ ದಾಟಿ ಶಾರ್ಟ್‌ಕಟ್ ಮಾಡ್ಕೊಂಡ್ರು. ಪೈಪ್ ಮೇಲೆ ಕಾಲಿಟ್ಟು ಮುರಿದ್ರು, ಒಂದಲ್ಲ, ಮೂರು ಸಲ. ಒಂದು ಭಾನುವಾರ ಸಂಜೆ ಪೈಪ್ ಸರಿ ಮಾಡೋಕೆ ನೀರಿಗಿಳಿದ ದೊಡ್ಡಪ್ಪನ ಪಾದಕ್ಕೆ ಬಿಯರ್ ಬಾಟಲಿ ಚೂರು ಹೊಕ್ಕಿತು. ಏಳು ಹೊಲಿಗೆ. ತೋಟದ ಕೆಲಸದ ಹೊತ್ತಿನಲ್ಲಿ ಇಪ್ಪತ್ತು ದಿನ ಮನೆ ಜಗುಲಿಯಲ್ಲಿ ಕೂತಿದ್ರು.

ಯಾರೂ ನನಗೆ ಬೈಲಿಲ್ಲ. ಯಾಕಂದ್ರೆ ಇವರೆಲ್ಲ ಯಾಕೆ ಬರ್ತಿದ್ದಾರೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮಾತ್ರ ದಿನಾ ಕೇಳೋರು: "ಈ ಹುಡುಗ್ರಿಗೆಲ್ಲ ನಮ್ಮನೆ ದಾರಿ ಹೇಳ್ದೋರು ಯಾರೇ?"

ನಾನು ರೀಲ್ ಡಿಲೀಟ್ ಮಾಡಿದೆ. ಅಷ್ಟೊತ್ತಿಗೆ ಎರಡು ಟ್ರಾವೆಲ್ ಪೇಜ್‌ಗಳು ಅದನ್ನ ಎತ್ತಿ ತಮ್ಮದರಲ್ಲಿ ಹಾಕ್ಕೊಂಡಾಗಿತ್ತು. ಅವು ಇವತ್ತಿಗೂ ಇವೆ. ರಿಪೋರ್ಟ್ ಮಾಡಿ ಸಾಕಾಯ್ತು.

4/9

ಆ ವರ್ಷದ ಆಗಸ್ಟ್. ನಾಲ್ಕು ದಿನ ಬಿಡದೆ ಹೊಡೆದು ಅವತ್ತು ಮಳೆ ಹೊಳವಾಗಿತ್ತು. ಮಲೆನಾಡಲ್ಲಿ ಅಂಥ ದಿನ ಅಂದ್ರೆ ಚಿನ್ನ. ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಸಿಗೋದೇ ಅಂಥ ಒಂದೆರಡು ದಿನ.

ಮಧ್ಯಾಹ್ನ ಏಳು ಜನ ಹುಡುಗರು ಹಳ್ಳ ದಾಟಿ ಅಬ್ಬಿಯ ಬುಡಕ್ಕೆ ಹೋದ್ರು. ದಾಟುವಾಗ ನೀರು ಮೊಣಕಾಲಿಗಿಂತ ಕೆಳಗೆ. ನಮ್ಮಲ್ಲಿ ಎಳೆ ಬಿಸಿಲು, ಮೇಲೆ ಗುಡ್ಡದ ತಲೆಯಲ್ಲಿ ಮಾತ್ರ ಮೋಡ ಕಪ್ಪಗೆ ಕೂತಿತ್ತು. ಅರ್ಧ ಗಂಟೆಯಲ್ಲಿ ಹಳ್ಳ ಕೆಂಪಾಗಿ ಸೊಂಟದ ಮೇಲೆ ಬಂತು. ಅವರು ಆ ಕಡೆ, ದಾರಿ ಈ ಕಡೆ. ಹೆದರಿ ಹಾರಿದ ಒಬ್ಬ ಕಲ್ಲಿನ ನಡುವೆ ಕಾಲು ಸಿಕ್ಕಿಸ್ಕೊಂಡು ಮೂಳೆ ಮುರ್ಕೊಂಡ.

ಅಕ್ಕಪಕ್ಕದ ಮನೆಯವರು ಔಷಧಿ ಕ್ಯಾನ್ ಕೆಳಗಿಟ್ಟು ಓಡಿದ್ರು. ನೀರು ಇಳಿಯೋವರೆಗೂ ಕಾದು, ಕತ್ತಲಾದ ಮೇಲೆ ಹಗ್ಗ ಹಿಡಿದು ಒಬ್ಬೊಬ್ಬರನ್ನೇ ಈಚೆ ತಂದ್ರು. ಕಾಲು ಮುರಿದವನನ್ನ ಎರಡು ಬಿದಿರು ಗಳಕ್ಕೆ ಕಂಬಳಿ ಕಟ್ಟಿ, ಉಂಬಳ ಹತ್ತಿಸ್ಕೊಂಡು, ಮೂರು ಕಿಲೋಮೀಟರ್ ಹೊತ್ತು ರಸ್ತೆಗೆ ಮುಟ್ಟಿಸಿದ್ರು. ಅಲ್ಲಿ ನೆಟ್‌ವರ್ಕ್ ಸಿಕ್ಕಿ, 108ಕ್ಕೆ ಫೋನ್ ಹೋಗಿ, ಆಂಬ್ಯುಲೆನ್ಸ್ ಬರುವಾಗ ರಾತ್ರಿ ಹತ್ತೂವರೆ.

ಮರುದಿನದಿಂದ ಮತ್ತೆ ಮಳೆ. ಪಕ್ಕದ ಮನೆಯವರ ಆ ವರ್ಷದ ಅಡಿಕೆಗೆ ಕೊಳೆ ಬಂತು. ಪೂರ್ತಿ ಆ ಒಂದು ದಿನದಿಂದಲೇ ಬಂತು ಅಂತ ನಾನು ಹೇಳಲ್ಲ. ಆದ್ರೆ ಆ ದಿನ ಅವರ ಕೈಯಲ್ಲಿ ಇರಬೇಕಾಗಿದ್ದದ್ದು ಸ್ಪ್ರೇಯರ್, ಇದ್ದದ್ದು ಯಾರದೋ ಮಗನ ಕಾಲು.

ಒಂದು ವಾರ ಆದ್ಮೇಲೆ ಆ ಗುಂಪಿನವನೊಬ್ಬನ ರೀಲ್ ನೋಡಿದೆ. "ಸರ್ವೈವ್ಡ್" ಅಂತ ಕ್ಯಾಪ್ಶನ್. ಹೊತ್ತವರ ಹೆಸರು ಬಿಡಿ, ಮುಖವೂ ಇರ್ಲಿಲ್ಲ ಅದರಲ್ಲಿ.

5/9

"ನಮಗೆ ಈಜು ಬರುತ್ತೆ" ಅನ್ನೋರಿಗೆ ಈ ಪೋಸ್ಟ್.

ನಿಮ್ಮ ತಲೆ ಮೇಲೆ ಮಳೆ ಇಲ್ಲ ಅಂದ್ರೆ ಹಳ್ಳ ಏರಲ್ಲ ಅಂತ ಅಲ್ಲ. ಮೇಲಿನ ಇಡೀ ಗುಡ್ಡದ ನೀರು ಒಂದೇ ಸಂದಿಯಲ್ಲಿ ಬಂದು ಬೀಳೋ ಜಾಗಕ್ಕೇ ಫಾಲ್ಸ್ ಅನ್ನೋದು. ಮಳೆ ಮೇಲೆ ಆಗುತ್ತೆ, ಏಟು ಕೆಳಗೆ ಬೀಳುತ್ತೆ. ನೀರಿನ ಬಣ್ಣ ಮಣ್ಣಾದ್ರೆ, ಎಲೆ ಕಡ್ಡಿ ತೇಲಿ ಬಂದ್ರೆ, ಸದ್ದು ಬದಲಾದ್ರೆ ತಕ್ಷಣ ದಡಕ್ಕೆ, ಅದೂ ವಾಪಸ್ ಹೋಗೋ ಕಡೆಯ ದಡಕ್ಕೆ. ಬ್ಯಾಗ್, ಚಪ್ಪಲಿ, ಟ್ರೈಪಾಡ್ ಎಲ್ಲ ಅಲ್ಲೇ ಬಿಟ್ಟು.

ಅಬ್ಬಿಯ ಬುಡದಲ್ಲಿ ನೊರೆ ನೊರೆಯಾಗಿರೋ ನೀರಲ್ಲಿ ಗಾಳಿ ತುಂಬಿರುತ್ತೆ, ಅದರಲ್ಲಿ ಮೈ ಸರಿಯಾಗಿ ತೇಲಲ್ಲ. ಸ್ವಿಮ್ಮಿಂಗ್ ಪೂಲಲ್ಲಿ ಕಲಿತ ಈಜು ಅಲ್ಲಿ ಲೆಕ್ಕಕ್ಕಿಲ್ಲ. ಓಡೋ ನೀರು ಮೊಣಕಾಲಿನಷ್ಟಿದ್ರೂ ದೊಡ್ಡವರನ್ನೇ ಬೀಳಿಸುತ್ತೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ನಿಮ್ಮ ಶೂ ಬ್ರಾಂಡ್ ಯಾವುದು ಅಂತ ಯಾರೂ ಕೇಳಲ್ಲ.

2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿಯಲ್ಲಿ ಏನಾಯ್ತು ಅಂತ ನೀವೆಲ್ಲ ನೋಡಿದ್ದೀರಿ. ಕಲ್ಲಿನ ಮೇಲೆ ನಿಂತಿದ್ದ ಹುಡುಗ, ವಿಡಿಯೋ ಮಾಡ್ತಿದ್ದ ಫ್ರೆಂಡ್, ಒಂದು ಕ್ಷಣ. ದೇಹ ಸಿಗೋಕೆ ಸುಮಾರು ಒಂದು ವಾರ ಹಿಡೀತು. 2024ರ ಜೂನ್ 30ರಂದು ಲೋನಾವಳದ ಭೂಶಿ ಡ್ಯಾಂ ಹಿಂದಿನ ಜಲಪಾತದಲ್ಲಿ ಒಂದು ಕುಟುಂಬದವರು ನೀರಿನ ಮಧ್ಯೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ರು. ಐದು ಜನ ಹೋದ್ರು, ಅದರಲ್ಲಿ ಮಕ್ಕಳೂ ಇದ್ರು. ಆ ಎರಡೂ ವಿಡಿಯೋಗಳನ್ನ ನಮ್ಮ ಇದೇ ಗ್ರೂಪಿನವರು ಅಳೋ ಎಮೋಜಿ ಹಾಕಿ ಶೇರ್ ಮಾಡಿದ್ರಿ. ಈಗ ಆಗಸ್ಟಿಗೆ ಪ್ಲಾನ್ ಹಾಕ್ತಿದ್ದೀರಿ.

6/9

ನಾವು ಬಿಕಾಂನವರು, ಲೆಕ್ಕದಲ್ಲೇ ಮಾತಾಡೋಣ. ಗ್ರೂಪಿನಲ್ಲಿ ಪಿನ್ ಆಗಿರೋ ಬಜೆಟ್‌ನ ಸ್ಕ್ರೀನ್‌ಶಾಟ್ ಇದು.

ಎರಡು ಟಿಟಿ. ಊಟ. ಬ್ಲೂಟೂತ್ ಸ್ಪೀಕರ್ ಬಾಡಿಗೆ. ಟಿ-ಶರ್ಟ್ ತಲೆಗೆ 350, ಅಂದ್ರೆ 23 ಜನಕ್ಕೆ 8,050 ರೂಪಾಯಿ. ಗೈಡ್: ಸೊನ್ನೆ. ಫಸ್ಟ್ ಏಡ್: ಸೊನ್ನೆ. "ಗೂಗಲ್ ಮ್ಯಾಪ್ ಇದೆ ಗುರು."

ಊರಿನ ಇಬ್ಬರು ದಾರಿ ಬಲ್ಲವರನ್ನ ಕರ್ಕೊಂಡು ಹೋಗಿ, ದಿನಕ್ಕೆ ತಲಾ 1,500 ಕೊಟ್ರೂ ಒಟ್ಟು 3,000. ತಲೆಗೆ 130 ರೂಪಾಯಿ. ಟಿ-ಶರ್ಟಿನ ಅರ್ಧಕ್ಕಿಂತ ಕಡಿಮೆ. ಅದನ್ನೇ "ದಂಡ" ಅಂತೀರಿ. ಬೆನ್ನ ಮೇಲೆ "ಬಾರ್ನ್ ಟು ವಾಂಡರ್" ಅಂತ ಬರೆಸ್ಕೊಂಡು ದಾರಿ ತಪ್ಪೋಕೆ 350 ಕೊಡೋದು ದಂಡ ಅಲ್ವಂತೆ.

ಫಸ್ಟ್ ಸೆಮ್‌ನಲ್ಲಿ ಪ್ರೂಡೆನ್ಸ್ ಅಂತ ಓದಿದ್ವಿ, ಐದು ಮಾರ್ಕ್ಸಿಗೆ. ಲಾಭ ಕೈಗೆ ಬರೋವರೆಗೂ ಬರ್ಕೋಬೇಡ, ಆಗಬಹುದಾದ ನಷ್ಟಕ್ಕೆಲ್ಲ ಮೊದಲೇ ತೆಗೆದಿಡು. ಪರೀಕ್ಷೆಯಲ್ಲಿ ಎಲ್ಲರೂ ಬರೆದಿದ್ದೀರಿ. ಈ ಬಜೆಟ್‌ನಲ್ಲಿ ಲಾಭ ಪೂರ್ತಿ ಬರೆದಾಗಿದೆ, ಫೋಟೋ ಪೋಸ್ ಸಮೇತ. ನಷ್ಟದ ಕಾಲಂ ಖಾಲಿ. ಖಾಲಿ ಇರೋದು ನಷ್ಟ ಇಲ್ಲ ಅಂತಲ್ಲ. ಅದನ್ನ ನಮ್ಮ ದೊಡ್ಡಪ್ಪನಂಥವರ ಖಾತೆಗೆ ಹಾಕಿದ್ದೀರಿ ಅಂತ. ಏಳು ಹೊಲಿಗೆ, ಮೂರು ಪೈಪ್, ಒಂದು ಹೊಳವಾದ ದಿನ. ಇದಕ್ಕೆ ಯಾವ ಟೂರ್ ಗ್ರೂಪೂ ಬಿಲ್ ಕಟ್ಟಿಲ್ಲ.

ಇನ್ನೊಂದು. ಹುಡುಗೀರೆಲ್ಲ ಮನೆಯಲ್ಲಿ "ಇಂಡಸ್ಟ್ರಿಯಲ್ ವಿಸಿಟ್" ಅಂತ ಹೇಳೋದು ಅಂತ ಡಿಸೈಡ್ ಆಗಿದೆ. ಹುಡುಗೀರು ಟ್ರೆಕ್ ಹೋಗ್ತೀವಿ ಅಂದ್ರೆ ಮನೆಯಲ್ಲಿ ಏನಾಗುತ್ತೆ ಅಂತ ನನಗೂ ಗೊತ್ತು, ನಾನೂ ಅದೇ ಕಷ್ಟದಲ್ಲಿ ಬೆಳೆದವಳು. ಆದ್ರೆ ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ನೀವು ಸಿಕ್ಕಿಬಿದ್ದಾಗ, ನಿಮ್ಮಮ್ಮ ನೀವು ಫ್ಯಾಕ್ಟರಿ ನೋಡ್ತಿದ್ದೀರಿ ಅಂದ್ಕೊಂಡಿದ್ರೆ ಹುಡುಕೋಕೆ ಶುರು ಮಾಡೋದು ಯಾರು? ಎಲ್ಲಿಂದ? ಪೂರ್ತಿ ನಿಜ ಹೇಳೋಕೆ ಆಗಲ್ವಾ, ಅಕ್ಕನಿಗೋ ಅಣ್ಣನಿಗೋ ಒಬ್ಬರಿಗಾದ್ರೂ ಜಾಗ, ದಾರಿ, ವಾಪಸ್ ಬರೋ ಹೊತ್ತು ಬರೆದು ಕೊಟ್ಟು ಬನ್ನಿ.

7/9

ಈಗ ನೀವು ಹಾಕಿದ ಪ್ರಶ್ನೆಗಳಿಗೆ.

"ಕಾಡು ಎಲ್ಲರದ್ದು. ನೀವು ಊರಿನವರು ಮಾತ್ರ ನೋಡ್ಬೇಕಾ?"
ಇಲ್ಲ. ಎಲ್ಲರೂ ನೋಡ್ಬೇಕು. ನಿಮ್ಮಷ್ಟೇ ಹಕ್ಕು ನಿಮಗಿದೆ, ಒಪ್ತೀನಿ. ಆದ್ರೆ ಲೈಬ್ರರಿ ಪುಸ್ತಕವೂ ಎಲ್ಲರದ್ದೇ, ಹಾಳೆ ಹರಿದು ತಗೊಂಡು ಹೋಗ್ತೀವಾ?

"ಟೂರಿಸಂ ಬಂದ್ರೆ ಊರಿಗೇ ದುಡ್ಡು."
ಬರಬೇಕು, ಬರಲಿ. ಆದ್ರೆ ಡೀಸೆಲ್ ಸಿಟಿಯಲ್ಲಿ ಹಾಕಿಸಿ, ಪಲಾವ್ ಸಿಟಿಯಿಂದ ಕಟ್ಟಿಸ್ಕೊಂಡು, ಗೈಡ್ ಬೇಡ ಅಂದು, ರಾತ್ರಿಯೇ ವಾಪಸ್ ಹೊರಟ್ರೆ ಊರಿಗೆ ಉಳಿಯೋದು ಪಲಾವ್ ಡಬ್ಬ ಮಾತ್ರ.

"ಪರ್ಮಿಶನ್ ಎಲ್ಲ ಯಾರು ಕೇಳ್ತಾರೆ?"
ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕೇಸ್ ಆದ್ರೆ ಕಾಲೇಜು ಐಡಿ ಕಾರ್ಡ್ ಕಾಪಾಡಲ್ಲ.

"ಹಾಗಾದ್ರೆ ದೂಧ್‌ಸಾಗರ್, ರೈಲ್ವೆ ಟ್ರ್ಯಾಕ್ ಮೇಲೆ ನಡ್ಕೊಂಡು?"
2023ರ ಜುಲೈಯಲ್ಲಿ ಹಾಗೆ ಹೋದವರಿಗೆ ಹಳಿ ಪಕ್ಕ ಬಸ್ಕಿ ಹೊಡೆಸಿದ ವಿಡಿಯೋಗೆ ನೀವೇ ನಕ್ಕಿದ್ದೀರಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದಕ್ಕಿಂತ ಮುಖ್ಯ, ಸುರಂಗದ ಮಧ್ಯೆ ಇರುವಾಗ ರೈಲು ಬಂದ್ರೆ ಸರಿದು ನಿಲ್ಲೋಕೆ ಜಾಗ ಹುಡುಕ್ತೀರಾ, ರೀಲ್ ಮಾಡ್ತೀರಾ?

ಇಷ್ಟು ಬೈದ ಮೇಲೆ ಇನ್ನೊಂದು ಕಡೆಗೂ ಹೇಳ್ಬೇಕು. ಒಂದು ಸಾವು ಆದ ತಕ್ಷಣ "ಪ್ರವೇಶ ನಿಷೇಧ" ಬೋರ್ಡ್ ಹಾಕಿ ಕೈ ತೊಳ್ಕೊಳ್ಳೋದೂ ನನಗೆ ಸರಿ ಕಾಣಲ್ಲ. ಬೋರ್ಡ್ ಯಾರನ್ನೂ ತಡೆಯಲ್ಲ, ಕಳ್ಳದಾರಿ ಹುಡುಕಿಸುತ್ತೆ ಅಷ್ಟೇ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಜನ ನುಗ್ಗಿದ ಫೋಟೋ ನೆನಪಿದೆಯಾ? ಆಮೇಲೆ ಆನ್‌ಲೈನ್ ಬುಕಿಂಗ್, ಒಂದು ಟ್ರೆಕ್ಕಿಗೆ ದಿನಕ್ಕೆ 300 ಜನ ಅನ್ನೋ ಮಿತಿ ಬಂತು. ಅದು ಒಳ್ಳೇದು. ಅದೇ ಥರ ಊರಿನ ಹುಡುಗರಿಗೆ ಗೈಡ್ ತರಬೇತಿ, ಹಳ್ಳದ ಹತ್ತಿರ ಹಗ್ಗ, ಒಬ್ಬ ಕಾವಲು ಇದ್ರೆ ಊರಿಗೂ ಕೆಲಸ, ಬಂದವರಿಗೂ ಜೀವ. ಇದನ್ನ ಕೇಳೋಣ, ಜೋರಾಗೇ ಕೇಳೋಣ. ಆದ್ರೆ ಅವರು ಮಾಡಿಲ್ಲ ಅಂತ ನಾವು ಆಗಸ್ಟಲ್ಲಿ ಹಳ್ಳಕ್ಕೆ ಹಾರೋದು ನ್ಯಾಯ ಆಗಲ್ಲ.

8/9

ಬರೀ ಬೇಡ ಬೇಡ ಅಂದ್ರೆ ನಾನೂ ಆ ಬೋರ್ಡಿನ ಥರಾನೇ. ಅದಕ್ಕೆ ನನ್ನ ಪ್ಲಾನ್ ಇಲ್ಲಿದೆ.

ಎಲ್ಲಿಗೆ: ಬಂಡಾಜೆ. ಮೂಡಿಗೆರೆ ಕಡೆಯ ಸುಂಕಸಾಲೆಯಿಂದ ಬಲ್ಲಾಳರಾಯನದುರ್ಗದ ಕೋಟೆ ಮೇಲೆ ಹಾದು ಹೋಗೋ ದಾರಿ. ಇಡೀ ದಿನದ ನಡಿಗೆ, ಹುಲ್ಲುಗಾವಲು, ನೆರಳು ಕಡಿಮೆ. ಕಷ್ಟ ಬೇಕು ಅಂದ್ರಲ್ಲ, ಇದೆ. ಆದ್ರೆ ಈ ದಾರಿಯಲ್ಲಿ ನೀವು ತಲುಪೋದು ಅರ್ಬಿಯ ತಲೆಗೆ, ಬುಡಕ್ಕಲ್ಲ. ಅಂಚಿನ ಹತ್ತಿರ ಫೋಟೋ ಇಲ್ಲ, ಅದರಲ್ಲಿ ಚೌಕಾಸಿ ಇಲ್ಲ.

ಯಾವಾಗ: ನವೆಂಬರ್. ಮಳೆ ನಿಂತಿರುತ್ತೆ, ನೀರು ಇನ್ನೂ ಇರುತ್ತೆ, ಆಕಾಶ ತಿಳಿ. ಅರಣ್ಯ ಇಲಾಖೆಯ "ಅರಣ್ಯ ವಿಹಾರ" ವೆಬ್‌ಸೈಟಿನಲ್ಲಿ ಆ ದಿನಕ್ಕೆ ದಾರಿ ತೆರೆದಿದ್ದು ಟಿಕೆಟ್ ಸಿಕ್ಕಿದ್ರೆ ಮಾತ್ರ ಹೊರಡೋದು.

ಎಷ್ಟು ಜನ: ಒಂದು ಸಲಕ್ಕೆ ಹನ್ನೊಂದು, ಹನ್ನೆರಡು. 23 ಜನ ಅಂದ್ರೆ ಮುಂದಿನವರಿಗೂ ಹಿಂದಿನವರಿಗೂ ಅರ್ಧ ಗಂಟೆ ಅಂತರ ಬೀಳುತ್ತೆ, ಮಧ್ಯದಲ್ಲಿ ಒಬ್ಬರು ಇಲ್ಲ ಅನ್ನೋದು ಸಂಜೆ ಗೊತ್ತಾಗುತ್ತೆ. ಎರಡು ಬ್ಯಾಚ್ ಮಾಡೋಣ.

ನಡಿಗೆ: ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ. ಅವರ ವೇಗವೇ ಗುಂಪಿನ ವೇಗ. ಗಟ್ಟಿಗರಿಬ್ಬರು ಕೊನೆಗೆ. ಇಬ್ಬಿಬ್ಬರ ಜೋಡಿ, ಪ್ರತಿ ನಿಲ್ದಾಣದಲ್ಲಿ ತಲೆ ಎಣಿಕೆ.

ವಾಪಸ್ ಹೊತ್ತು: ಗೈಡ್ ಹೇಳಿದ ಹೊತ್ತಿಗೆ ತಿರುಗೋದು, ಅರ್ಬಿ ಹತ್ತು ನಿಮಿಷ ದೂರ ಇದ್ರೂ ಸರಿ. ಆ ಹತ್ತು ನಿಮಿಷದಲ್ಲೇ ಕತ್ತಲು ಅಡಗಿರೋದು.

ರಾತ್ರಿ: ಊರಿನ ಹೋಮ್‌ಸ್ಟೇ. ಊಟ ಅಲ್ಲೇ. ಅಕ್ಕಿ ರೊಟ್ಟಿ ತಿಂದು ದುಡ್ಡು ಕೊಟ್ಟು ಬರೋಣ.

ಬ್ಯಾಗಲ್ಲಿ: ತಲೆಗೆ ಮೂರು ಲೀಟರ್ ನೀರು, ಟಾರ್ಚ್, ಸೀಟಿ, ಓಆರ್‌ಎಸ್, ಬ್ಯಾಂಡೇಜ್, ಉಂಬಳಕ್ಕೆ ಸುಣ್ಣ ಅಥವಾ ನಶ್ಯ. ಮಂಗನ ಕಾಯಿಲೆ ಇರೋ ಕಡೆಯ ಕಾಡಿಗೆ ಡಿಸೆಂಬರ್ ಆಚೆ ಹೋಗೋದಾದ್ರೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ, ಉದ್ದ ತೋಳಿನ ಅಂಗಿ. ತುರ್ತಿಗೆ 112, 108. ಆದ್ರೆ ಕೊನೆಯ ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಅಂತ ಹತ್ತುವಾಗಲೇ ನೋಡಿಟ್ಕೊಳ್ಳಿ.

ಬೇಡದ್ದು: ಸ್ಪೀಕರ್, ಬಾಟಲಿ, ಟಿ-ಶರ್ಟ್. ಟಿ-ಶರ್ಟಿನ 350ರಲ್ಲಿ 130 ಗೈಡಿಗೆ, ಉಳಿದ 220 ಟಿಕೆಟ್, ಔಷಧಿಗೆ. ನೋಡಿ, ಬಜೆಟ್ ಏರಲೇ ಇಲ್ಲ.

9/9

ಕೊನೇ ಫೋಟೋ ದೊಡ್ಡಪ್ಪನ ಪಾದ. ಮುಖ ತೋರಿಸಲ್ಲ, ಕೇಳಿದ್ದಕ್ಕೆ "ಕಾಲು ಬೇಕಾದ್ರೆ ಹಾಕು" ಅಂದ್ರು. ಹೊಲಿಗೆ ಗುರುತು ಇನ್ನೂ ಇದೆ.

ಹೋದ ದಸರಾ ರಜೆಯಲ್ಲಿ ಅವರಿಗೆ ನಿಜ ಹೇಳಿದೆ, ಆ ರೀಲ್ ಹಾಕಿದ್ದು ನಾನೇ ಅಂತ. ಸ್ವಲ್ಪ ಹೊತ್ತು ಅಡಿಕೆ ಸುಲೀತಾ ಕೂತಿದ್ರು. ಆಮೇಲೆ, "ಚೆಂದ ಇತ್ತು ಅಂತ ಹಾಕ್ದೆ. ಬರೋರಿಗೆ ಹೆಂಗೆ ಬರ್ಬೇಕು ಅಂತಾನೂ ಹಾಕ್ಬೇಕಿತ್ತು" ಅಂದ್ರು. ಅಷ್ಟೇ. ಆ ಮಾತಿಗೆ ಈ ಒಂಬತ್ತು ಪೋಸ್ಟ್. ಮೂರು ವರ್ಷ ತಡವಾಯ್ತು.

ಗ್ರೂಪಿನ 23 ಜನಕ್ಕೆ: ಆಗಸ್ಟ್ ಟ್ರಿಪ್ಪಿಗೆ ನಾನಿಲ್ಲ, ಜಾಗವೂ ಹೇಳಲ್ಲ. ಬೇರೆ ಯಾರಾದ್ರೂ ಹೇಳಿದ್ರೆ ಅಲ್ಲಿಗೂ ಹೋಗ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ. ನವೆಂಬರ್ ಟ್ರಿಪ್ಪಿಗೆ ಮೊದಲ ಹೆಸರು ನಂದು. ಬುಕಿಂಗ್ ನಾನು ಮಾಡ್ತೀನಿ, ಲೆಕ್ಕ ನಾನಿಡ್ತೀನಿ, ಒಂದು ರೂಪಾಯಿ ಹೆಚ್ಚು ಕಡಿಮೆ ಆದ್ರೂ ಗ್ರೂಪಲ್ಲಿ ಬಿಲ್ ಸಮೇತ ಹಾಕ್ತೀನಿ. ಸ್ಟೋರಿಯಲ್ಲಿ ಪೋಲ್ ಇದೆ, ವೋಟ್ ಮಾಡಿ.

ಜೂನಿಯರ್‌ಗಳಿಗೆ: ಚೆಂದದ ಜಾಗ ನೋಡಿದ್ರೆ ಫೋಟೋ ಹಾಕಿ, ಖಂಡಿತ ಹಾಕಿ. ಟ್ಯಾಗ್ ಹಾಕೋ ಮೊದಲು ಕೆಳಗಿನ ಮನೆ ಯಾರದ್ದು, ಆ ನೀರು ಯಾರು ಕುಡೀತಾರೆ ಅಂತ ಒಂದು ಸಲ ಕೇಳಿ.

ಕಾಮೆಂಟಲ್ಲಿ "ಲೊಕೇಶನ್ ಪ್ಲೀಸ್" ಅಂತ ಬರುತ್ತೆ ಅಂತ ಗೊತ್ತು. ಬ್ಲಾಕ್ ಮಾಡಲ್ಲ. ಒಂದನೇ ಪೋಸ್ಟಿಂದ ಓದ್ಕೊಂಡು ಬನ್ನಿ ಅಂತೀನಿ.

#ಅಬ್ಬಿ #ಮಲೆನಾಡು #ಲೊಕೇಶನ್‌ಕೇಳ್ಬೇಡಿ #ನವೆಂಬರ್‌ಗೆಬನ್ನಿ